ರೀಬೂಟ್ ಅರ್ಧಕ್ಕೆ ನಿಂತಿತು, ಡಿಸ್ಕ್ ತೆರೆಯುತ್ತಿಲ್ಲ: ಮೇಷ್ಟ್ರ ಪುಸ್ತಕ ಉಳಿಸಬೇಕು

ಪ್ರಶ್ನೆ | ಚಾಮರಾಜಪೇಟೆ ಡಿಟಿಪಿ | ಭಾನುವಾರ ಬೆಳಗ್ಗೆ 6:50

ಎಲ್ಲರಿಗೂ ನಮಸ್ಕಾರ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ. ಯಾವ ವಿವರ ಮುಖ್ಯ, ಯಾವುದು ಅಲ್ಲ ಎಂದು ನನಗೆ ತಿಳಿಯದು. ಅದಕ್ಕೆ ಎಲ್ಲವನ್ನೂ ಬರೆಯುತ್ತಿದ್ದೇನೆ.

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರಿಕೆ, ಸಂಘಗಳ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಒಂದು ಪುಸ್ತಕ. 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮುಂದಿನ ಎರಡು ಕಂಪ್ಯೂಟರಿನಲ್ಲಿ ವಿಂಡೋಸ್ ಇದೆ, ಟೈಪಿಂಗ್ ಎಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ. ಒಳಗಿನ ಕೋಣೆಯಲ್ಲಿ ಇನ್ನೊಂದು ಹಳೆಯ ಕಂಪ್ಯೂಟರ್ ಇದೆ. ಅದಕ್ಕೆ ಅಣ್ಣನ ಮಗ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟಿದ್ದ. ಮುಂದಿನ ಎರಡರಲ್ಲಿ ಏನು ಟೈಪ್ ಮಾಡಿದರೂ ಆ ಒಳಗಿನದರಲ್ಲೇ ಸೇವ್ ಆಗುತ್ತದೆ. 1 ಟಿಬಿ ಹಾರ್ಡ್ ಡಿಸ್ಕ್, ಒಂದೇ ಒಂದು. ಅವನು ಈಗ ಕೆನಡಾದಲ್ಲಿದ್ದಾನೆ. ಫೋನ್ ತೆಗೆಯುತ್ತಿಲ್ಲ, ಅಲ್ಲಿ ಈಗ ರಾತ್ರಿ.

ನಿನ್ನೆ ಸಂಜೆ ಆರೂವರೆಗೆ ಅಪ್‌ಡೇಟ್ ಮುಗಿಸಿ ರೀಬೂಟ್ ಕೊಟ್ಟೆ. ಹೊರಗೆ ಮಳೆ ಜೋರಾಗಿತ್ತು. ತೆರೆಯ ಮೇಲೆ 'ಸ್ಟಾಪ್ ಜಾಬ್ ಈಸ್ ರನ್ನಿಂಗ್' ಎಂದು ಬಂದು ಒಂದೂವರೆ ನಿಮಿಷ ಎಣಿಸಿತು. ಮುಗಿಯಲಿಲ್ಲ, ಮತ್ತೆ ಎಣಿಸಲು ಶುರು ಮಾಡಿತು. ಅಷ್ಟರಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಗತೊಡಗಿತು. ಅದರ ಬ್ಯಾಟರಿ ಹಳೆಯದು, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೆದರಿ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಕರೆಂಟ್ ಬಂದ ಮೇಲೆ ಆನ್ ಮಾಡಿದೆ. ಬೂಟ್ ಅರ್ಧ ಆಗುವಾಗ ಇನ್ನೊಮ್ಮೆ ಹೋಯಿತು. ಈ ಸಲ ಯುಪಿಎಸ್ ಒಂದು ಸದ್ದು ಕೂಡ ಮಾಡಲಿಲ್ಲ.

ಮೂರನೇ ಸಲ ಆನ್ ಮಾಡಿದಾಗ ಕಪ್ಪು ತೆರೆ ಬಂತು. 'ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ, ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ' ಎಂದು ಇದೆ. ಕೆಳಗೆ 'ಇನಿಟ್‌ರಾಮ್‌ಎಫ್‌ಎಸ್' ಎಂದು ಬಂದು ಕರ್ಸರ್ ಮಿನುಗುತ್ತಿದೆ. ಪರಿಚಯದವರೊಬ್ಬರು ಫೋನಿನಲ್ಲಿ ಎಫ್‌ಎಸ್‌ಸಿಕೆ ಕೊಟ್ಟು, ಕೇಳಿದ್ದಕ್ಕೆಲ್ಲ ವೈ ಒತ್ತಿ ಎಂದರು. ಹತ್ತು ಹನ್ನೆರಡು ಸಲ ಒತ್ತಿದೆ. ಆಗ ಒಳಗಿನಿಂದ ಟಿಕ್, ಟಿಕ್, ಟಿಕ್ ಎಂದು ಶಬ್ದ ಬಂತು. ಕೈ ನಿಂತಿತು, ಆಫ್ ಮಾಡಿಬಿಟ್ಟೆ.

ಲಗ್ನಪತ್ರಿಕೆಗಳು ಹೋದರೆ ಮತ್ತೆ ಮಾಡಿಕೊಡಬಹುದು, ಕಷ್ಟವಾದರೂ ಆಗುತ್ತದೆ. ನನಗೆ ಬೇಕಿರುವುದು ಒಬ್ಬ ಮೇಷ್ಟ್ರ ಪುಸ್ತಕ. ಅವರಿಗೆ 84 ವರ್ಷ. ತಿಪಟೂರು ಕಡೆಯವರು, ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ತಮ್ಮ ಬದುಕಿನ ಕಥೆ ಬರೆದಿದ್ದಾರೆ. 14 ಅಧ್ಯಾಯ, 312 ಪುಟ, ಎಂಟು ತಿಂಗಳ ಕೆಲಸ. ಕೈಬರಹದ ನೋಟುಬುಕ್ಕುಗಳು ಮನೆ ಬದಲಾಯಿಸುವಾಗ ರದ್ದಿಗೆ ಹೋಗಿವೆ. 'ನಿಮ್ಮ ಹತ್ತಿರ ಇದೆಯಲ್ಲಮ್ಮ, ಇನ್ನು ಅದು ಯಾಕೆ' ಎಂದಿದ್ದರು. ಅದರಲ್ಲೂ ಒಂಬತ್ತನೇ ಅಧ್ಯಾಯಕ್ಕೆ ಕೈಬರಹ ಇರಲೇ ಇಲ್ಲ. ಅದು ಅವರ ತೀರಿಹೋದ ಹೆಂಡತಿಯ ಬಗ್ಗೆ. ಬರೆಯಲು ಆಗುವುದಿಲ್ಲ ಎಂದು ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಹೇಳಿದರು. ನಾನು ಟೈಪ್ ಮಾಡಿದೆ. ಆರು ಸಂಜೆ ಹಿಡಿಯಿತು. ಅದನ್ನು ಇನ್ನೊಂದು ಸಲ ಹೇಳಿ ಎಂದು ನಾನು ಅವರನ್ನು ಕೇಳಲಾರೆ.

ಈಗ ಏನು ಮಾಡಲಿ? ಏನು ಮಾಡಬಾರದು?

ಉತ್ತರ | ಜಯನಗರ 4ನೇ ಬ್ಲಾಕ್ | ಭಾನುವಾರ ಬೆಳಗ್ಗೆ 7:25

ಅಕ್ಕಾ, ನೀವು ಆಫ್ ಮಾಡಿದ್ದು ತುಂಬ ಒಳ್ಳೆಯದಾಯಿತು. ಆಫ್ ಆಗಿಯೇ ಇರಲಿ. ಮತ್ತೊಮ್ಮೆ ನೋಡೋಣ ಎಂದು ಆನ್ ಮಾಡಬೇಡಿ.

ನಾನು 18 ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಎರಡು ದಿನ ನಿಮಗೆ ಬೇರೆ ಬೇರೆ ಸಲಹೆ ಬರುತ್ತವೆ. ಯಾವುದನ್ನು ಕೇಳಬೇಕು ಎಂದು ನೀವೇ ತೀರ್ಮಾನಿಸುವಂತಿರಬೇಕು.

ಉಬುಂಟು ಸಾಮಾನ್ಯವಾಗಿ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ ಬಳಸುತ್ತದೆ. ಅದರಲ್ಲಿ ಜರ್ನಲ್ ಎಂದು ಒಂದಿದೆ. ಅಂಗಡಿಯಲ್ಲಿ ಮೊದಲು ದಿನವಹಿಯಲ್ಲಿ ಗೀಚಿಕೊಂಡು, ರಾತ್ರಿ ಖಾತೆ ಪುಸ್ತಕಕ್ಕೆ ಏರಿಸುತ್ತಾರಲ್ಲ, ಹಾಗೆ. ಖಾತೆಗೆ ಏರಿಸುವಾಗ ದೀಪ ಹೋದರೆ ತೊಂದರೆಯಿಲ್ಲ. ದಿನವಹಿ ನೋಡಿ ಮತ್ತೆ ಏರಿಸಿಕೊಳ್ಳುತ್ತದೆ. ಬರೀ ಕರೆಂಟ್ ಹೋದದ್ದಾಗಿದ್ದರೆ ಹೆಚ್ಚಿನ ಸಲ ಕಂಪ್ಯೂಟರ್ ತಾನೇ ಸರಿ ಮಾಡಿಕೊಂಡು ಏಳುತ್ತದೆ. ಹಾಗಾಗಲಿಲ್ಲ, ಜೊತೆಗೆ ಟಿಕ್ ಟಿಕ್ ಶಬ್ದ. ಇವೆರಡೂ ಸೇರಿದರೆ ನನಗೆ ಅನುಮಾನ ಬರುವುದು ಡಿಸ್ಕಿನ ಮೇಲೆ. ತಟ್ಟೆಯ ಮೇಲೆ ಕೆಲವು ಜಾಗ ಓದಲಾಗದಂತೆ ಆಗಿವೆ ಎಂದು ಕಾಣುತ್ತದೆ.

ಇನ್ನೊಂದು ಮಾತು. ಆ ದಿನವಹಿಯಲ್ಲಿ ಇರುವುದು ಯಾವ ಫೈಲ್ ಎಲ್ಲಿದೆ, ಎಷ್ಟು ಉದ್ದ ಇತ್ಯಾದಿ ಲೆಕ್ಕ ಮಾತ್ರ. ಮಾಮೂಲಿ ಸೆಟ್ಟಿಂಗಿನಲ್ಲಿ ಫೈಲಿನ ಒಳಗಿನ ಬರಹ ಅದರಲ್ಲಿ ಇರುವುದಿಲ್ಲ.

ಎಫ್‌ಎಸ್‌ಸಿಕೆ ಮಾಡುವ ಕೆಲಸ ಏನು? ಲೆಕ್ಕ ತಾಳೆ ಮಾಡುವುದು. ನಿಮ್ಮ ಮೇಷ್ಟ್ರ ಅಧ್ಯಾಯ ಉಳಿಸುವುದು ಅದರ ಗುರಿ ಅಲ್ಲ. ತಾಳೆಯಾಗದ ನಮೂದು ಸಿಕ್ಕರೆ ಅದನ್ನು ಹೊಡೆದುಹಾಕಿಯಾದರೂ ಪುಸ್ತಕವನ್ನು ಸಮ ಮಾಡುತ್ತದೆ. ಡಿಸ್ಕ್ ಗಟ್ಟಿಯಾಗಿದ್ದಾಗ ಅದು ಸರಿ. ಓದುವಾಗಲೇ ತೊದಲುವ ಡಿಸ್ಕಿನಲ್ಲಿ, ಓದಲಾಗದ್ದನ್ನು ಇಲ್ಲವೆಂದು ತಿಳಿದು ಬರೆದುಬಿಟ್ಟರೆ, ಆಮೇಲೆ ಯಾರಿಂದಲೂ ಆಗುವುದಿಲ್ಲ. ಆ ಜಾಗಕ್ಕೆ ಒಮ್ಮೆ ಬರೆದರೆ ಡಿಸ್ಕ್ ಬೇರೆ ಜಾಗ ಕೊಟ್ಟುಬಿಡಬಹುದು, ಹೇಗಿದ್ದರೂ ಹಳೆಯದು ಹೋದಂತೆಯೇ.

ಅದಕ್ಕೆ ಮೊದಲು ಪೂರ್ತಿ ಡಿಸ್ಕಿನ ನಕಲು. ರಿಪೇರಿ ಏನಿದ್ದರೂ ನಕಲಿನ ಮೇಲೆ. ಹಳೆಯ ಡಿಸ್ಕಿನ ಮೇಲೆ ಇನ್ನು ಒಂದು ಅಕ್ಷರವೂ ಬರೆಯಬಾರದು.

ಮುಂದಿನ ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಉಬುಂಟು ಪೆನ್ ಡ್ರೈವ್ ಮಾಡಿಕೊಳ್ಳಿ. ಒಳಗಿನ ಕಂಪ್ಯೂಟರನ್ನು ಅದರಿಂದ ಆನ್ ಮಾಡಿ. 'ಟ್ರೈ ಉಬುಂಟು' ಆರಿಸಿ, 'ಇನ್‌ಸ್ಟಾಲ್' ಅಲ್ಲ. ಒಳಗೆ ಹೋದ ಮೇಲೆ ಹಳೆಯ ಡಿಸ್ಕಿನ ಚಿತ್ರದ ಮೇಲೆ ಕ್ಲಿಕ್ ಮಾಡಬೇಡಿ. ಕ್ಲಿಕ್ ಮಾಡಿದರೆ ಮೌಂಟ್ ಆಗುತ್ತದೆ, ಅಂದರೆ ಡಿಸ್ಕ್ ಬಳಕೆಗೆ ತೆರೆದುಕೊಳ್ಳುತ್ತದೆ, ಜರ್ನಲ್ ಏರಿಸಲು ಹೋಗುತ್ತದೆ. ಓದುವುದಕ್ಕೆ ಮಾತ್ರ ಎಂದು ಹೇಳಿ ಮೌಂಟ್ ಮಾಡಿದರೂ ಇಎಕ್ಸ್‌ಟಿ4 ಜರ್ನಲನ್ನು ಏರಿಸುತ್ತದೆ. 'ನೋಲೋಡ್' ಎಂದು ಸೇರಿಸಿದರೆ ಮಾತ್ರ ಸುಮ್ಮನಿರುತ್ತದೆ.

ಡಿಸ್ಕಿನ ಆರೋಗ್ಯದ ಅಂಕಿ ತೋರಿಸುವ ಸ್ಮಾರ್ಟ್‌ಸಿಟಿಎಲ್ ಎಂಬ ಆಜ್ಞೆ ಓಡಿಸಿ ನನಗೆ 5, 197, 198, 199 ಈ ನಾಲ್ಕು ಸಾಲಿನ ಕೊನೆಯ ಅಂಕಿ ಹೇಳಿ. ಹೇಳಿದ ಮೇಲೆ ಮತ್ತೆ ಆಫ್ ಮಾಡಿ.

ಉತ್ತರ | ಪೀಣ್ಯ ಎರಡನೇ ಹಂತ | ಭಾನುವಾರ ಬೆಳಗ್ಗೆ 9:40

ಮೇಡಂ, ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳ ಪಕ್ಕ ಲಿನಕ್ಸ್ ಕಂಪ್ಯೂಟರುಗಳಿವೆ. ವಾರಕ್ಕೊಂದು ಸಲ ಕರೆಂಟ್ ಹೋಗಿ ಇದೇ ಕಪ್ಪು ತೆರೆ ಬರುತ್ತದೆ. ನಾವು ಎಫ್‌ಎಸ್‌ಸಿಕೆಗೆ ಮೈನಸ್ ವೈ (ಎಲ್ಲಕ್ಕೂ ಹೌದು ಎಂದರ್ಥ) ಸೇರಿಸಿ ಓಡಿಸುತ್ತೇವೆ, ಐದು ನಿಮಿಷದಲ್ಲಿ ಏಳುತ್ತವೆ. ಒಂದು ಸಲವೂ ಫೈಲ್ ಹೋಗಿಲ್ಲ. ಜರ್ನಲ್ ಇಲ್ಲದ ಇಎಕ್ಸ್‌ಟಿ2 ಕಾಲದಿಂದ ನೋಡಿದ್ದೇನೆ. ಇಷ್ಟು ಹೆದರುವ ಅಗತ್ಯ ಇಲ್ಲ ಎಂದು ನನಗನಿಸುತ್ತದೆ. ಹೊಸ ಡಿಸ್ಕು, ನಕಲು ಎಂದರೆ ಸುಮ್ನೆ ಖರ್ಚು ಅಲ್ವಾ?

ಉತ್ತರ | ಜಯನಗರ 4ನೇ ಬ್ಲಾಕ್ | ಭಾನುವಾರ ಬೆಳಗ್ಗೆ 10:05

ಪೀಣ್ಯದವರು ಹೇಳಿದ್ದು ಅವರ ಯಂತ್ರಗಳಿಗೆ ಸರಿಯೇ. ಅಲ್ಲಿ ಡಿಸ್ಕ್ ಗಟ್ಟಿ, ಕರೆಂಟ್ ಮಾತ್ರ ತೊಂದರೆ. ಫೈಲ್ ಹೋದರೂ ಅದೇ ಪ್ರೋಗ್ರಾಮನ್ನು ಮತ್ತೆ ಹಾಕಬಹುದು. ಇಲ್ಲಿ ಶಬ್ದ ಬಂದಿದೆ, ಕಳೆದರೆ ಮತ್ತೆ ಸಿಗದ ವಸ್ತು ಇದೆ. ಅಂಕಿ ಬರಲಿ, ಆಮೇಲೆ ಮಾತಾಡೋಣ.

ಚಾಮರಾಜಪೇಟೆ ಡಿಟಿಪಿ | ಭಾನುವಾರ ಮಧ್ಯಾಹ್ನ 1:15

ಪೆನ್ ಡ್ರೈವ್ ಮಾಡಲು ಎರಡು ಸಲ ತಪ್ಪಿತು, ಮೂರನೇ ಸಲ ಸರಿಯಾಯಿತು. ಅಂಕಿ ಹೀಗಿವೆ: 5ರ ಮುಂದೆ 312, 197ರ ಮುಂದೆ 88, 198ರ ಮುಂದೆ 88, 199ರ ಮುಂದೆ 0. ಮೇಲೆ 'ಪಾಸ್ಡ್' ಎಂದೇ ಬರೆದಿದೆ. ಹಾಗಾದರೆ ಡಿಸ್ಕ್ ಚೆನ್ನಾಗಿದೆಯಾ?

ಉತ್ತರ | ಜಯನಗರ 4ನೇ ಬ್ಲಾಕ್ | ಭಾನುವಾರ ಮಧ್ಯಾಹ್ನ 1:40

ಆ 'ಪಾಸ್ಡ್' ಎಂಬುದನ್ನು ನಂಬಬೇಡಿ ಅಕ್ಕಾ. ಸಾಯುವ ಹಂತದ ಡಿಸ್ಕುಗಳೂ ಅದನ್ನೇ ಹೇಳಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

312 ಎಂದರೆ ಡಿಸ್ಕ್ ಈಗಾಗಲೇ ಅಷ್ಟು ಸೆಕ್ಟರುಗಳನ್ನು (ಡಿಸ್ಕಿನ ಸಣ್ಣ ಸಣ್ಣ ತುಂಡುಗಳು) ಕೈಬಿಟ್ಟು, ಮೀಸಲಿಟ್ಟ ಜಾಗ ಬಳಸಿಕೊಂಡಿದೆ. 88 ಎಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು. ನಮಗೆ ಭಯ ಇರುವುದು ಈ 88ರದ್ದು. 199 ಸೊನ್ನೆ ಇರುವುದರಿಂದ ಕೇಬಲ್ ಸರಿಯಿದೆ. ಅದು ಏರಿದ್ದರೆ ಕೇಬಲ್ ಬದಲಿಸಿ ನೋಡಿ ಎನ್ನುತ್ತಿದ್ದೆ.

ಇಂದು ಭಾನುವಾರ, ಎಸ್‌ಪಿ ರೋಡಿನಲ್ಲಿ ಬಹುಪಾಲು ಕಂಪ್ಯೂಟರ್ ಅಂಗಡಿ ಮುಚ್ಚಿರುತ್ತವೆ. ಅವಸರ ಬೇಡ. ಆಫ್ ಆಗಿರುವ ಡಿಸ್ಕ್ ಒಂದು ರಾತ್ರಿಯಲ್ಲಿ ಇನ್ನಷ್ಟು ಕೆಡುವುದಿಲ್ಲ. ನಾಳೆ ಹೋಗಿ 2 ಟಿಬಿ ಡಿಸ್ಕ್ ಒಂದು ತನ್ನಿ. ಜೊತೆಗೆ ಯುಪಿಎಸ್‌ಗೆ ಹೊಸ ಬ್ಯಾಟರಿ.

ಈ ದಿನ ಮನೆಯಲ್ಲಿ ಮಾಡುವಂಥ ಒಂದು ಕೆಲಸ ಇದೆ. ಪ್ರೆಸ್ಸಿಗೆ, ಮೇಷ್ಟ್ರಿಗೆ, ಅವರ ಮಕ್ಕಳಿಗೆ ಯಾವಾಗಲಾದರೂ ಪಿಡಿಎಫ್ ಕಳಿಸಿದ್ದೀರಾ? ವಾಟ್ಸಾಪಿನಲ್ಲಿ, ಮೇಲ್‌ನಲ್ಲಿ, ಡೌನ್‌ಲೋಡ್ ಫೋಲ್ಡರಿನಲ್ಲಿ ಹುಡುಕಿ. ಎಷ್ಟೋ ಸಲ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಚಾಮರಾಜಪೇಟೆ ಡಿಟಿಪಿ | ಭಾನುವಾರ ರಾತ್ರಿ 9:30

ಹುಡುಕಿದೆ. ಮೊದಲ ನಾಲ್ಕು ಅಧ್ಯಾಯದ ಪಿಡಿಎಫ್ ಮೇಷ್ಟ್ರ ಮಗಳ ವಾಟ್ಸಾಪಿನಲ್ಲಿದೆ. ಐದನೆಯದರ ಪ್ರೂಫ್ ಪ್ರಿಂಟು ನನ್ನ ಕಪಾಟಿನಲ್ಲೇ ಸಿಕ್ಕಿತು. ಅದರ ಮೇಲೆ ಅವರ ಕೆಂಪು ಶಾಯಿಯ ತಿದ್ದುಪಡಿ. ಆರರಿಂದ ಮುಂದಕ್ಕೆ ಏನೂ ಇಲ್ಲ. ಮಗಳಿಗೆ ವಿಷಯ ಹೇಳಿದ್ದೇನೆ. 'ಅಪ್ಪನಿಗೆ ಈಗಲೇ ಹೇಳುವುದು ಬೇಡ ಆಂಟಿ' ಎಂದಳು.

ಉತ್ತರ | ಜಯನಗರ 4ನೇ ಬ್ಲಾಕ್ | ಸೋಮವಾರ ಬೆಳಗ್ಗೆ 8:10

ಒಳ್ಳೆಯದು. ಈಗ ನಕಲಿನ ಕ್ರಮ ಹೇಳುತ್ತೇನೆ. ನಿಧಾನವಾಗಿ ಓದಿ.

ಇದಕ್ಕೆ ಬೇಕಾದದ್ದು ಗ್ನೂ ಡಿಡಿರೆಸ್ಕ್ಯೂ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು 'ಜಿಡಿಡಿರೆಸ್ಕ್ಯೂ', ಮೊದಲಿಗೆ ಒಂದು ಜಿ ಇದೆ. ಓಡಿಸುವಾಗ ಆ ಜಿ ಇರುವುದಿಲ್ಲ. ಇದೇ ಥರದ ಹೆಸರಿನ, ನಡುವೆ ಅಡಿಗೆರೆ ಇರುವ ಇನ್ನೊಂದು ಪ್ರೋಗ್ರಾಮ್ ಇದೆ, ಅದು ಬೇರೆ. ಮಾಮೂಲಿ ಡಿಡಿ ಬಳಸಬೇಡಿ. ಓದಲಾಗದ ಜಾಗ ಬಂದ ಕೂಡಲೇ ಅದು ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಕಷ್ಟದ ಜಾಗವನ್ನು ಹಾರಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಆಮೇಲೆ ಬಾಕಿ ಜಾಗಕ್ಕೆ ಮರಳುತ್ತದೆ. ಸಾಯುತ್ತಿರುವ ಡಿಸ್ಕಿಗೆ ಇದೇ ಸರಿ, ಯಾಕೆಂದರೆ ಅದಕ್ಕೆ ಎಷ್ಟು ಹೊತ್ತು ಉಸಿರಿದೆ ಎಂದು ನಮಗೆ ಗೊತ್ತಿಲ್ಲ.

ಹೊಸ ಡಿಸ್ಕನ್ನು ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಮೌಂಟ್ ಮಾಡಿ. ಫಾರ್ಮ್ಯಾಟ್ ಮಾಡುವಾಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟಿರಿ. ಎರಡನ್ನೂ ಹಾಕಿಕೊಂಡು ಯಾವುದು ಯಾವುದೆಂದು ಊಹಿಸುವುದು ಬೇಡ. ಆಮೇಲೆ ಹಳೆಯದನ್ನು ಜೋಡಿಸಿದಾಗ, ಮೇಲಿನ ಚೀಟಿಯ ಸೀರಿಯಲ್ ನಂಬರನ್ನು ಸ್ಮಾರ್ಟ್‌ಸಿಟಿಎಲ್ ತೋರಿಸುವುದರ ಜೊತೆ ತಾಳೆ ನೋಡಿ.

ಆಜ್ಞೆಯ ಕ್ರಮ: ಡಿಡಿರೆಸ್ಕ್ಯೂ, ಮೈನಸ್ ಎನ್, ಹಳೆಯ ಡಿಸ್ಕ್, ಹೊಸ ಡಿಸ್ಕಿನಲ್ಲಿ ಒಂದು ಇಮೇಜ್ ಫೈಲಿನ (ಪೂರ್ತಿ ಡಿಸ್ಕಿನ ನಕಲು ಇರುವ ಒಂದೇ ಫೈಲ್) ಹೆಸರು, ಕೊನೆಗೆ ಮ್ಯಾಪ್ ಫೈಲಿನ (ಎಲ್ಲಿಯ ತನಕ ಓದಿದೆ ಎಂಬ ಲೆಕ್ಕ) ಹೆಸರು. 'ಫೋರ್ಸ್' ಎಂದು ಎಲ್ಲೂ ಸೇರಿಸಬೇಡಿ. ಅದಿಲ್ಲದಿದ್ದರೆ ಡಿಡಿರೆಸ್ಕ್ಯೂ ಯಾವ ಡಿಸ್ಕಿನ ಮೇಲೂ ನೇರವಾಗಿ ಬರೆಯಲು ಒಪ್ಪುವುದಿಲ್ಲ, ಅದೇ ನಿಮಗೆ ರಕ್ಷಣೆ. ಮ್ಯಾಪ್ ಫೈಲ್ ಹೊಸ ಡಿಸ್ಕಿನಲ್ಲೇ ಇರಲಿ. ಪೆನ್ ಡ್ರೈವಿನಿಂದ ಓಡುವ ಉಬುಂಟುವಿನಲ್ಲಿ ಇಟ್ಟರೆ ಆಫ್ ಆದ ಕೂಡಲೇ ಹೋಗುತ್ತದೆ. ಮ್ಯಾಪ್ ಇದ್ದರೆ ಕರೆಂಟ್ ಹೋದರೂ ನಿಲ್ಲಿಸಿದ ಜಾಗದಿಂದಲೇ ಮುಂದುವರಿಯಬಹುದು. ಮೊದಲ ಸುತ್ತು ಮುಗಿದ ಮೇಲೆ ಮೈನಸ್ ಎನ್ ತೆಗೆದು, ಮೈನಸ್ ಡಿ, ಮೈನಸ್ ಆರ್ 3 ಹಾಕಿ, ಅದೇ ಇಮೇಜ್, ಅದೇ ಮ್ಯಾಪ್ ಕೊಟ್ಟು ಇನ್ನೊಮ್ಮೆ ಓಡಿಸಿ.

ಸೆಕೆಂಡಿಗೆ 100 ಎಂಬಿ ಸಿಕ್ಕರೆ 1 ಟಿಬಿಗೆ ಮೂರು ಗಂಟೆಗಿಂತ ಸ್ವಲ್ಪ ಕಡಿಮೆ. ಕೆಟ್ಟ ಜಾಗ ಬಂದಾಗ ತೆವಳುತ್ತದೆ, ಗಾಬರಿಯಾಗಬೇಡಿ. ಕೇಸ್ ತೆಗೆದು ಡಿಸ್ಕಿಗೆ ಒಂದು ಟೇಬಲ್ ಫ್ಯಾನ್ ಇಡಿ.

ಚಾಮರಾಜಪೇಟೆ ಡಿಟಿಪಿ | ಮಂಗಳವಾರ ಬೆಳಗ್ಗೆ 5:20

ಸೋಮವಾರ ಹತ್ತೂವರೆಗೆ ಎಸ್‌ಪಿ ರೋಡಿಗೆ ಹೋದೆ. ಅಂಗಡಿ ಹುಡುಗ ಯಾಕೆ ಬೇಕೆಂದು ಕೇಳಿದ, ಹೇಳಿದೆ. ಅವನೇ ಪ್ಯಾಕ್ ಒಡೆದು ಅಲ್ಲೇ ಜೋಡಿಸಿ, ಹೊಸ ಡಿಸ್ಕಿನ ಅಂಕಿಗಳೆಲ್ಲ ಸೊನ್ನೆ ಇವೆ ಎಂದು ತೋರಿಸಿಕೊಟ್ಟ. ಬ್ಯಾಟರಿಯೂ ತಂದೆ.

ಮಧ್ಯಾಹ್ನ 1:20ಕ್ಕೆ ಶುರು ಮಾಡಿದೆ. ಎಂಟರ್ ಒತ್ತುವ ಮೊದಲು ಆಜ್ಞೆಯನ್ನು ಕಾಗದದಲ್ಲಿ ಬರೆದುಕೊಂಡು ಆರು ಸಲ ಓದಿದೆ. 3:40ಕ್ಕೆ ಮಳೆ, ಕರೆಂಟ್ ಹೋಯಿತು. ಹೊಸ ಬ್ಯಾಟರಿ ಹದಿನೆಂಟು ನಿಮಿಷ ಎಳೆಯಿತು. ಅಷ್ಟರಲ್ಲಿ ನಾನೇ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ಸರಿಯಾಗಿ ಶಟ್ ಡೌನ್ ಮಾಡಿದೆ. ಕರೆಂಟ್ ಬಂದ ಮೇಲೆ ಅದೇ ಆಜ್ಞೆ ಕೊಟ್ಟೆ. ನಿಲ್ಲಿಸಿದ ಜಾಗದಿಂದಲೇ ಹಿಡಿದುಕೊಂಡಿತು. ಆಗ ಎಷ್ಟು ಸಮಾಧಾನ ಆಯಿತೆಂದು ಹೇಳಲಾರೆ.

ಎರಡನೇ ಸುತ್ತು ರಾತ್ರಿಯಿಡೀ ನಡೆಯಿತು. ನಡುನಡುವೆ ಟಿಕ್ ಟಿಕ್. ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದ್ದೆ. ಈಗ ಮುಗಿದಿದೆ. 99.99 ಪರ್ಸೆಂಟ್ ಎಂದು ತೋರಿಸುತ್ತಿದೆ. 41 ಎಂಬಿ ಓದಲಾಗಿಲ್ಲ. ಹಳೆಯ ಡಿಸ್ಕನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ.

ಆದರೆ ನಕಲನ್ನು ನೀವು ಹೇಳಿದ ಹಾಗೆ ನೋಲೋಡ್ ಹಾಕಿ ಓದುವುದಕ್ಕೆ ಮಾತ್ರ ಮೌಂಟ್ ಮಾಡಲು ಹೋದರೆ 'ಬ್ಯಾಡ್ ಸೂಪರ್‌ಬ್ಲಾಕ್' ಎನ್ನುತ್ತಿದೆ.

ಉತ್ತರ | ಜಯನಗರ 4ನೇ ಬ್ಲಾಕ್ | ಮಂಗಳವಾರ ಬೆಳಗ್ಗೆ 6:45

41 ಎಂಬಿ ಮಾತ್ರವೇ? ತುಂಬ ಒಳ್ಳೆಯ ನಕಲು ಸಿಕ್ಕಿದೆ. ಇನ್ನು ನೀವು ತಪ್ಪು ಮಾಡಿದರೂ ತೊಂದರೆಯಿಲ್ಲ.

ಸೂಪರ್‌ಬ್ಲಾಕ್ ಎಂದರೆ ಫೈಲ್ ಸಿಸ್ಟಮಿನ ಮುಖಪುಟ. ಬ್ಲಾಕ್ ಎಷ್ಟು ದೊಡ್ಡದು, ಒಟ್ಟು ಎಷ್ಟಿವೆ ಎಂಬ ವಿವರ ಅಲ್ಲಿರುತ್ತದೆ. ಓದಲಾಗದ ಜಾಗದಲ್ಲಿ ಅದೂ ಸೇರಿಕೊಂಡಿದೆ. ಇದನ್ನು ಮಾಡಿದವರು ಮೊದಲೇ ಯೋಚಿಸಿ ಆ ಮುಖಪುಟದ ಪ್ರತಿಗಳನ್ನು ಡಿಸ್ಕಿನ ಉದ್ದಕ್ಕೂ ಇಟ್ಟಿದ್ದಾರೆ. ಬ್ಲಾಕ್ 4096 ಬೈಟ್ ಇದ್ದರೆ ಪ್ರತಿಗಳು 32768, 98304, 163840, 229376 ಹೀಗೆ ಸಿಗುತ್ತವೆ. ನಿಮ್ಮದು 1 ಟಿಬಿ, 4096 ಇದ್ದೇ ಇರುತ್ತದೆ.

ಪ್ರತಿಗಳು ಎಲ್ಲಿವೆ ಎಂದು ತಿಳಿಯಲು ಎಂಕೆಇ2ಎಫ್‌ಎಸ್ ಎಂಬ ಫಾರ್ಮ್ಯಾಟ್ ಆಜ್ಞೆಗೆ ಮೈನಸ್ ಎನ್ ಕೊಟ್ಟು ಓಡಿಸಿ ಎಂದು ಹಲವರು ಹೇಳುತ್ತಾರೆ. ನೀವು ಅದನ್ನು ಮುಟ್ಟಬೇಡಿ. ಆ ಮೈನಸ್ ಎನ್ ಮರೆತರೆ ಫಾರ್ಮ್ಯಾಟ್ ಆಗಿಬಿಡುತ್ತದೆ. ಮೇಲಿನ ಅಂಕಿಗಳೇ ಸಾಕು.

ಲೋಸೆಟಪ್ ಎಂಬ ಆಜ್ಞೆಗೆ ದೊಡ್ಡಕ್ಷರದ ಮೈನಸ್ ಪಿ ಹಾಕಿ ಇಮೇಜನ್ನು ಒಂದು ಡಿಸ್ಕಿನಂತೆ ಜೋಡಿಸಿ. ಮೊದಲು ಇ2ಎಫ್‌ಎಸ್‌ಸಿಕೆ (ಇಎಕ್ಸ್‌ಟಿ4ಗೆ ಇರುವ ಎಫ್‌ಎಸ್‌ಸಿಕೆ), ಮೈನಸ್ ಎನ್, ಮೈನಸ್ ಬಿ 32768. ಇಲ್ಲಿ ಮೈನಸ್ ಎನ್ ಎಂದರೆ ನೋಡುವುದು ಮಾತ್ರ, ಏನೂ ಬರೆಯುವುದಿಲ್ಲ. ಅದು ಓಡಿದರೆ ನಿಜವಾದದ್ದನ್ನು ಓಡಿಸಿ, ಜೊತೆಗೆ ಮೈನಸ್ ಝಡ್ ಎಂದು ಒಂದು ಅನ್‌ಡೂ ಫೈಲ್ ಹೆಸರು ಕೊಡಿ. ಬದಲಾದ ಪ್ರತಿ ಬ್ಲಾಕಿನ ಹಳೆಯ ರೂಪ ಅದರಲ್ಲಿ ಉಳಿಯುತ್ತದೆ. ಬೇಡವೆನಿಸಿದರೆ ಇ2ಅನ್‌ಡೂ ಕೊಟ್ಟು ಮೊದಲಿನಂತೆ ಮಾಡಬಹುದು. ಇಷ್ಟು ಒಳ್ಳೆಯ ಸೌಲಭ್ಯವನ್ನು ನಮ್ಮ ಕೆಲಸದವರೂ ಹೆಚ್ಚಾಗಿ ಬಳಸುವುದಿಲ್ಲ.

ಪೀಣ್ಯದವರ ಮೈನಸ್ ವೈ ಈಗ ಹಾಕಬಹುದು.

ಚಾಮರಾಜಪೇಟೆ ಡಿಟಿಪಿ | ಮಂಗಳವಾರ ಸಂಜೆ 7:00

ಮೌಂಟ್ ಆಯಿತು! 2019ರಿಂದ ಈಚಿನ ಲಗ್ನಪತ್ರಿಕೆಗಳು ಅವುಗಳ ಜಾಗದಲ್ಲೇ ಇವೆ. ಆದರೆ 'ಪುಸ್ತಕಗಳು' ಎಂಬ ಫೋಲ್ಡರೇ ಇಲ್ಲ. 'ಲಾಸ್ಟ್ ಪ್ಲಸ್ ಫೌಂಡ್' ಎಂಬುದರಲ್ಲಿ 2,314 ವಸ್ತುಗಳಿವೆ. ಎಲ್ಲಕ್ಕೂ ಹ್ಯಾಶ್ ಗುರುತು, ಮುಂದೆ ಬರೀ ಅಂಕಿ. ಇದರಲ್ಲಿ ಹೇಗೆ ಹುಡುಕಲಿ?

ಉತ್ತರ | ಜಯನಗರ 4ನೇ ಬ್ಲಾಕ್ | ಮಂಗಳವಾರ ಸಂಜೆ 7:20

ಆ ಅಂಕಿ ಐನೋಡ್ ನಂಬರು, ಅಂದರೆ ಫೈಲ್ ಸಿಸ್ಟಂ ಪ್ರತಿ ಫೈಲಿಗೂ ಕೊಡುವ ಸಂಖ್ಯೆ. ತಂದೆ ಫೋಲ್ಡರ್ ಹೋದಾಗ ಒಳಗಿದ್ದವು ಅನಾಥವಾಗಿ ಇಲ್ಲಿಗೆ ಬರುತ್ತವೆ. ಮೇಲಿನ ಹೆಸರು ಮಾತ್ರ ಹೋಗಿರುತ್ತದೆ. ಹ್ಯಾಶ್ ಇರುವುದರಲ್ಲಿ ಕೆಲವು ಫೋಲ್ಡರುಗಳಾಗಿದ್ದರೆ, ಅವುಗಳ ಒಳಗಿನ ಫೈಲುಗಳ ಹೆಸರು ಹಾಗೇ ಇರುತ್ತದೆ. ಮೊದಲು ಫೋಲ್ಡರುಗಳನ್ನು ಮಾತ್ರ ಪಟ್ಟಿ ಮಾಡಿ, ಒಳಗೆ ನೋಡಿ.

ಚಾಮರಾಜಪೇಟೆ ಡಿಟಿಪಿ | ಮಂಗಳವಾರ ರಾತ್ರಿ 8:10

ಸಿಕ್ಕಿತು. ಒಂದು ಅಂಕಿಯ ಫೋಲ್ಡರಿನ ಒಳಗೆ 'ಮೇಷ್ಟ್ರು ಅಧ್ಯಾಯ 1' ರಿಂದ 14ರ ತನಕ ಎಲ್ಲ ಇವೆ. ಒಂದೊಂದೇ ತೆರೆದೆ. 13 ಪೂರ್ತಿ ಇವೆ. ಒಂಬತ್ತನೆಯದು ತೆರೆಯುತ್ತಿಲ್ಲ. ಒಳಗೆ ನೋಡಿದರೆ ಸ್ವಲ್ಪ ದೂರದಿಂದ ಬರೀ ಸೊನ್ನೆ.

ಇರುವುದೆಲ್ಲ ಇದೆ, ಅದೊಂದು ಇಲ್ಲ.

ಉತ್ತರ | ಮಲ್ಲೇಶ್ವರಂ | ಮಂಗಳವಾರ ರಾತ್ರಿ 9:05

ಇಷ್ಟು ದಿನ ಓದುತ್ತಾ ಇದ್ದೆ, ಈಗ ಬರೆಯಲೇಬೇಕು ಅನಿಸಿತು. ಕೈ ಬಿಡಬೇಡಿ ಅಕ್ಕಾ.

ವರ್ಡ್ ಸೇವ್ ಮಾಡುವಾಗ ಹಳೆಯ ಫೈಲಿನ ಮೇಲೆಯೇ ಬರೆಯುವುದಿಲ್ಲ. ಹೊಸದಾಗಿ ಒಂದು ತಾತ್ಕಾಲಿಕ ಫೈಲ್ ಬರೆದು, ಅದಕ್ಕೆ ಹಳೆಯ ಹೆಸರು ಕೊಟ್ಟು, ಹಳೆಯದನ್ನು ಅಳಿಸುತ್ತದೆ. ಆರು ಸಂಜೆ ಟೈಪ್ ಮಾಡಿದ್ದೀರಿ. ಎಷ್ಟು ಸಲ ಸೇವ್ ಮಾಡಿರುತ್ತೀರಿ! ಅಷ್ಟು ಹಳೆಯ ರೂಪಗಳು ಡಿಸ್ಕಿನ ಖಾಲಿ ಜಾಗದಲ್ಲಿ ಬಿದ್ದಿರಬಹುದು. ಹೆಸರು ಇರುವುದಿಲ್ಲ, ಬರಹ ಇರುತ್ತದೆ. ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದು ಅದೃಷ್ಟ. ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬುದು ಅವನ್ನು ಒರೆಸಿಬಿಟ್ಟಿರುತ್ತಿತ್ತು.

ಅಳಿಸಿಹೋದ ಫೈಲ್ ಹುಡುಕುವ ಫೋಟೊರೆಕ್ ಎಂಬ ಪ್ರೋಗ್ರಾಮನ್ನು ಇಮೇಜಿನ ಮೇಲೆ ಓಡಿಸಿ. ಹೆಸರಿನಲ್ಲಿ ಫೋಟೊ ಇದ್ದರೂ ವರ್ಡಿನ ಡಾಕ್ ಫೈಲುಗಳನ್ನೂ ಗುರುತಿಸುತ್ತದೆ. ಖಾಲಿ ಜಾಗದಲ್ಲಿ ಮಾತ್ರ, ಡಾಕ್ ಮಾತ್ರ ಎಂದು ಆರಿಸಿ.

ನಿಮಗೆ ಸಾವಿರಗಟ್ಟಲೆ ಫೈಲ್ ಬರುತ್ತವೆ. ಆಗ ಹುಡುಕುವಾಗ ಒಂದು ತೊಡಕು ಇದೆ, ಇದು ಕನ್ನಡದಂಥ ಭಾಷೆಗಳ ಹಳೆಯ ಫಾಂಟುಗಳಲ್ಲಿ ಬರುವಂಥದ್ದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ನಿಜವಾಗಿ ಕನ್ನಡ ಅಕ್ಷರವೇ ಇಲ್ಲ. ಇಂಗ್ಲಿಷ್ ಅಕ್ಷರ, ಯೂರೋಪಿನ ಗುರುತುಗಳು ಇರುತ್ತವೆ, ಫಾಂಟ್ ಅವನ್ನು ಕನ್ನಡವಾಗಿ ತೋರಿಸುತ್ತದೆ. ಇಂದಿನ ಕಂಪ್ಯೂಟರುಗಳು ಬಳಸುವ ಯೂನಿಕೋಡ್ ಎಂಬ ಅಕ್ಷರ ಪಟ್ಟಿಯಲ್ಲಿ ಕನ್ನಡದ ಜಾಗವೇ ಬೇರೆ. ಆದ್ದರಿಂದ ನೀವು ಇಂದಿನ ಕೀಬೋರ್ಡಿನಲ್ಲಿ 'ಕೊಬ್ಬರಿ' ಎಂದು ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಏನೂ ಉಳಿದಿಲ್ಲ ಎಂದುಕೊಂಡು ಬಿಟ್ಟುಬಿಡುತ್ತೀರಿ.

ಹೀಗೆ ಮಾಡಿ. ಒಂಬತ್ತನೇ ಅಧ್ಯಾಯದಲ್ಲಿ ಮಾತ್ರ ಬರುವ ಒಂದು ಪದ ನೆನಪಿಸಿಕೊಳ್ಳಿ. ಮುಂದಿನ ಕಂಪ್ಯೂಟರಿನಲ್ಲಿ ಅದೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ. ಆಮೇಲೆ ಅದನ್ನು ಆಯ್ದು ಫಾಂಟನ್ನು ಏರಿಯಲ್ ಮಾಡಿ. ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಅದೇ ನಿಮ್ಮ ಹುಡುಕುವ ಪದ. ಫೋಟೊರೆಕ್ ಕೊಟ್ಟ ಡಾಕ್‌ಗಳನ್ನು ಲಿಬ್ರೆಆಫೀಸಿನ ಹೆಡ್‌ಲೆಸ್ (ಕಿಟಕಿ ತೆರೆಯದೆ ಕೆಲಸ ಮಾಡುವ) ಆಜ್ಞೆಯಿಂದ ಒಟ್ಟಿಗೆ ಟೆಕ್ಸ್ಟ್ ಮಾಡಿಸಿ, ಅವುಗಳಲ್ಲಿ ಆ ಸಾಲನ್ನು ಗ್ರೆಪ್ ಎಂಬ ಹುಡುಕುವ ಆಜ್ಞೆಗೆ ಕೊಟ್ಟು ಹುಡುಕಿ.

ಉತ್ತರ | ಪೀಣ್ಯ ಎರಡನೇ ಹಂತ | ಬುಧವಾರ ಬೆಳಗ್ಗೆ 8:30

ಮೇಡಂ, ಭಾನುವಾರ ನಾನು ಹೇಳಿದ್ದು ನಿಮ್ಮ ಡಿಸ್ಕಿಗೆ ತಪ್ಪು ಸಲಹೆಯಾಗಿತ್ತು. ಶಬ್ದದ ವಿಷಯವನ್ನು ನಾನು ಸರಿಯಾಗಿ ಓದಲಿಲ್ಲ. ಇಲ್ಲಿನ ನಮ್ಮ ಯಂತ್ರಗಳ ಡಿಸ್ಕುಗಳಿಗೂ ನಿನ್ನೆ ಸ್ಮಾರ್ಟ್‌ಸಿಟಿಎಲ್ ಓಡಿಸಿದೆ. ಒಂದರಲ್ಲಿ 197ರ ಮುಂದೆ 16 ಇತ್ತು. ಅದನ್ನು ಬದಲಿಸಲು ಹೇಳಿದ್ದೇನೆ.

ನನಗೆ ಗೊತ್ತಿರುವ ಒಂದು ವಿಷಯ ನಿಮಗೆ ಮುಂದೆ ಉಪಯೋಗಕ್ಕೆ ಬರಬಹುದು. ರೀಬೂಟ್ ಸಿಕ್ಕಿಹಾಕಿಕೊಂಡರೆ ಪವರ್ ಬಟನ್ ಒತ್ತಿ ಹಿಡಿಯುವ ಮೊದಲು, ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಎಂದು ಒಂದೊಂದಾಗಿ, ನಡುವೆ ಕೆಲವು ಸೆಕೆಂಡ್ ಬಿಟ್ಟು ಒತ್ತಿ. ಎಸ್ ಬಾಕಿ ಬರಹವನ್ನು ಡಿಸ್ಕಿಗೆ ಹಾಕುತ್ತದೆ. ಯು ಡಿಸ್ಕನ್ನು ಓದುವುದಕ್ಕೆ ಮಾತ್ರ ಮಾಡುತ್ತದೆ. ಬಿ ರೀಬೂಟ್ ಮಾಡುತ್ತದೆ. ಉಬುಂಟುವಿನ ಮಾಮೂಲಿ ಸೆಟ್ಟಿಂಗಿನಲ್ಲಿ ಈ ಮೂರಕ್ಕೆ ಅನುಮತಿ ಇರುತ್ತದೆ.

ಚಾಮರಾಜಪೇಟೆ ಡಿಟಿಪಿ | ಗುರುವಾರ ರಾತ್ರಿ 10:15

ಪೀಣ್ಯದ ಸರ್, ಹಾಗೆಲ್ಲ ಅಂದುಕೊಳ್ಳಬೇಡಿ. ಆ ಮೂರು ಅಕ್ಷರವನ್ನು ಕಾಗದದಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದೇನೆ.

ಫೋಟೊರೆಕ್ 6,120 ಡಾಕ್ ಫೈಲ್ ಕೊಟ್ಟಿತು. ಎಲ್ಲಕ್ಕೂ ಎಫ್ ಅಕ್ಷರ, ಮುಂದೆ ಅಂಕಿ. ಟೆಕ್ಸ್ಟ್ ಮಾಡಲು ಬುಧವಾರ ಪೂರ್ತಿ ಬೇಕಾಯಿತು. ಕೆಲವು ಫೈಲ್ ಬಂದಾಗ ಲಿಬ್ರೆಆಫೀಸ್ ನಿಂತುಬಿಡುತ್ತಿತ್ತು, ಅವನ್ನು ಪಕ್ಕಕ್ಕೆ ಇಟ್ಟು ಮುಂದೆ ಹೋದೆ. ಹುಡುಕಲು ನಾನು ಆರಿಸಿದ ಪದ 'ಕೊಬ್ಬರಿ ಮಿಠಾಯಿ'. ಅವರ ಹೆಂಡತಿ ಮದುವೆಯಾದ ಹೊಸತರಲ್ಲಿ ಮಾಡಿ, ಪಾಕ ಗಟ್ಟಿಯಾಗಿ, ಮೇಷ್ಟ್ರು ಕೊಡತಿಯಿಂದ ಒಡೆದು ತಿಂದರಂತೆ. ಅದನ್ನು ಹೇಳುವಾಗ ಅವರು ನಕ್ಕಿದ್ದು, ಆಮೇಲೆ ಸುಮ್ಮನಾಗಿದ್ದು ನನಗೆ ಚೆನ್ನಾಗಿ ನೆನಪಿತ್ತು. ಮಲ್ಲೇಶ್ವರದವರು ಹೇಳಿದಂತೆ ಏರಿಯಲ್ ಮಾಡಿ, ಆ ಅಕ್ಷರದ ಸಾಲನ್ನು ಗ್ರೆಪ್‌ಗೆ ಕೊಟ್ಟೆ.

ಏಳು ಫೈಲ್ ಬಂದವು. ಏಳೂ ಒಂಬತ್ತನೇ ಅಧ್ಯಾಯದ ಬೇರೆ ಬೇರೆ ದಿನದ ರೂಪಗಳು. ಎಲ್ಲಕ್ಕಿಂತ ಉದ್ದನೆಯದು 23 ಪುಟ ಇದೆ. ಕೊನೆಯ ದಿನ ತಿದ್ದಿದ ಒಂದೆರಡು ಪುಟ ಮಾತ್ರ ಹಳೆಯ ರೂಪದಲ್ಲೇ ಇದ್ದವು.

ಈ ದಿನ ಸಂಜೆ ಪ್ರಿಂಟು ತೆಗೆದುಕೊಂಡು ಅವರ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಅಲ್ಲೇ ಕೂತು ಓದಿದರು. ಹದಿನೇಳನೇ ಪುಟದಲ್ಲಿ ನಿಂತರು. ಆಸ್ಪತ್ರೆಯ ಕೊನೆಯ ರಾತ್ರಿಯ ಬಗ್ಗೆ ಒಂದು ಪ್ಯಾರಾ ಇತ್ತು. ಜಾಸ್ತಿಯಾಯಿತು ಎಂದು ಕೊನೆಯ ದಿನ ಅವರೇ ತೆಗೆಸಿದ್ದರು. ಹಳೆಯ ರೂಪವಾದ್ದರಿಂದ ಅದು ಹಾಗೇ ಬಂದಿದೆ. ಎರಡು ಸಲ ಓದಿ, 'ಇದು ಇರಲಿ ಬಿಡಮ್ಮ' ಎಂದರು.

ಜಯನಗರದವರಿಗೆ, ಮಲ್ಲೇಶ್ವರದವರಿಗೆ ಪುಸ್ತಕ ಆದ ಮೇಲೆ ಒಂದೊಂದು ಪ್ರತಿ ಕೊಡುತ್ತೇನೆ. ಮೇಷ್ಟ್ರೇ ಹೇಳಿದ್ದಾರೆ, ಸಹಿ ಹಾಕಿ ಕೊಡುತ್ತಾರಂತೆ. ನಾಳೆ ಇನ್ನೊಂದು 2 ಟಿಬಿ ಡಿಸ್ಕ್ ತರಲು ಹೋಗುತ್ತೇನೆ. ದಿನಾ ರಾತ್ರಿ ಅಂಗಡಿ ಮುಚ್ಚುವ ಮೊದಲು ಅದಕ್ಕೆ ನಕಲಾಗಬೇಕು, ಆಮೇಲೆ ಅದನ್ನು ಮನೆಗೆ ಒಯ್ಯಬೇಕು ಎಂದಿದ್ದೇನೆ. ಇದಕ್ಕೆ ಫೈಲ್ ನಕಲು ಮಾಡುವ ಆರ್‌ಸಿಂಕ್ ಸಾಕೇ, ಹಳೆಯ ರೂಪಗಳನ್ನೂ ಇಟ್ಟುಕೊಳ್ಳುವಂಥದ್ದು ಬೇರೆ ಇದೆಯೇ?